ಗಾಡಿ ಯಾರದ್ದು? ಕಿವಿ ಯಾರದ್ದು?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ ಹಿರಿಯರು. ಮೋಟಾರ್ ಸೈಕಲ್ ವಿಷಯದಲ್ಲಿ ಮಾತ್ರ ಎರಡೂ ಪರರಿಚ್ಛೆಯೇ ಆಗಿಬಿಟ್ಟಿದೆ.

ಕುಳ್ಳಗಿರುವವನು ಕಾಲು ನೆಲಕ್ಕೆ ಎಟುಕಲಿ ಅಂತ ಸೀಟಿನ ಸ್ಪಂಜು ಕೊಯ್ಸಿದರೆ ಬಸ್ ಸ್ಟ್ಯಾಂಡ್ ಕಟ್ಟೆಯಲ್ಲಿ ನಗೆ. ಹಾಲಿನವನು ಕ್ಯಾನು ತೂಗುಹಾಕಲು ಕೊಕ್ಕೆ ಬೆಸೆಸಿದರೆ, ಗಾಡಿಯ ಅಂದ ಕೆಡಿಸಿದ ಅಂತ ಉಪದೇಶ. ಕಂತು ಕಟ್ಟುವವನು ಅವನು. ನಗುವವರು ಎಂದಾದರೂ ಒಂದು ಲೀಟರ್ ಪೆಟ್ರೋಲ್ ಹಾಕಿಸಿದ್ದುಂಟೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿ ತಯಾರಾದ ಯೆಜ್ಡಿಗಳು ಇನ್ನೂ ರಸ್ತೆಯಲ್ಲಿವೆ. ಸಿಗದ ಬಿಡಿಭಾಗವನ್ನು ಲೇತಿನಲ್ಲಿ ಕಡೆದು ಕೂರಿಸಿದ ಮೆಕ್ಯಾನಿಕ್‌ಗಳ ಕೈಗುಣ ಅದು. 'ಗುಜರಿಗೆ ಹಾಕು ಮಾರಾಯ' ಅನ್ನೋರ ಮಾತಿಗೆ ಮಾಲೀಕರು ಕಿವಿಗೊಟ್ಟಿದ್ದರೆ ಒಂದೂ ಉಳಿಯುತ್ತಿರಲಿಲ್ಲ.

ಹಾಗಂತ ಏನು ಮಾಡಿದರೂ ನಡೆಯುತ್ತೆ ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಅಂಗವಿಕಲರು ತಮಗೆ ಒಗ್ಗುವಂತೆ ಗಾಡಿ ಮಾರ್ಪಡಿಸಿಕೊಳ್ಳಲು ಅದೇ ಕಾಯ್ದೆ ದಾರಿ ಬಿಟ್ಟಿದೆ. ಅನುಮತಿ ಪಡೆಯಬೇಕು ಅಷ್ಟೆ. ಅನುಮಾನ ಇದ್ದವರು ವೆಲ್ಡಿಂಗ್ ಅಂಗಡಿಗೆ ಹೋಗುವ ಮುಂಚೆ ಆರ್‌ಟಿಓ ಕಚೇರಿಗೆ ಹೋಗುವುದು ಜಾಣತನ.

ಇನ್ನು ಸೈಲೆನ್ಸರ್ ಕಿತ್ತು ಭರ್ ಅನ್ನಿಸುವ ಶೂರರ ಕಥೆಯೇ ಬೇರೆ. ಪೇಟೆ ಬೀದಿಯಲ್ಲಿ ಅವರು ಹೋದರೆಂದರೆ ಗಿರಾಕಿ ಕೇಳಿದ್ದು ಅಂಗಡಿಯವನಿಗೆ ಕೇಳಿಸದು, ತೊಟ್ಟಿಲ ಕೂಸು ಕಿಟಾರನೆ ಕಿರುಚುತ್ತೆ. ನಿಜ ಹೇಳಬೇಕೆಂದರೆ, ಅವರು ಗಾಡಿ ಬದಲಿಸಿದ್ದು ತಮಗಾಗಿ ಅಲ್ಲವೇ ಅಲ್ಲ. ನಾಲ್ಕು ಜನ ತಿರುಗಿ ನೋಡಲಿ ಅಂತ. ಸೀಟು ತಗ್ಗಿಸಿದವನಿಗೆ ಯಾರೂ ನೋಡುವುದು ಬೇಕಿಲ್ಲ.

ಕಿತ್ತ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹರಿಸಿದ್ದು ರಾಜ್ಯದ ಹಲವು ಕಡೆ ನಡೆದಿದೆ. ಫೋಟೋಕ್ಕೆ ಚೆನ್ನ. ಆದರೆ ಅಂಥ ಮಾಲನ್ನು ಮಾರುವ ಅಂಗಡಿಗೂ, ಕೂರಿಸಿ ಕೊಡುವ ಗ್ಯಾರೇಜಿಗೂ ಬಿಸಿ ಮುಟ್ಟಬೇಡವೆ? ಹಾಲಿನವನ ಕೊಕ್ಕೆಗೆ ದಂಡ ಬರೆಯೋದು ಸುಲಭ, ಅವನು ದಿನಾ ಅದೇ ಹೊತ್ತಿಗೆ ಅದೇ ದಾರೀಲಿ ಸಿಗ್ತಾನೆ. ಶೂರರು ರಾತ್ರಿ ಹತ್ತರ ಮೇಲೆ ಬರ್ತಾರೆ. ಪೊಲೀಸರು ಆ ಹೊತ್ತಲ್ಲಿ ನಿಲ್ಲಲಿ.

ಗಾಡಿ ಅವರವರದ್ದು, ಒಪ್ಪೋಣ. ಕಿವಿ ಊರಿನದ್ದು.