ನಳಕ್ಕ ಅರಿವಿ ಕಟ್ಟೂದು ಬಿಡ್ರಿ

ಅಕ್ಕಾರೆ, ತಂಗೆಮ್ಮಾರೆ, ಈ ಸಲ ಅಡಗಿ ಬಗ್ಗೆ ಅಲ್ಲ, ಉಪ್ಪಿನಕಾಯಿ ಬಗ್ಗೆನೂ ಅಲ್ಲ. ಈ ಸಲ ಜಗಳಾ ತಗೀಬೇಕಂತ ಕುಂತೀನಿ. ಆ ಜಗಳಾ ನಿಮ್ಮ ಕೂಡನೂ ಐತಿ, ನನ್ನ ಕೂಡನೂ ಐತಿ.

ಹೋದ ತಿಂಗಳು ಒಂದ ಕುಬಸ, ಒಂದ ವಾಸ್ತುಶಾಂತಿ, ಎರಡ ಕಡಿ ಜಡ್ಡಿನವರನ್ನ ಮಾತಾಡ್ಸೂದು ಅಂತ ನಾಲ್ಕೂ ಊರ ತಿರಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಎಲ್ಲಿ ಹೋದ್ರೂ ಕೈಕಾಲ ತೊಳ್ಯಾಕ ಬಚ್ಚಲಕ್ಕ ಹೋಗಲೇಬೇಕಲ್ಲ, ಅಲ್ಲೆ ನೋಡಿದೆ. ಒಂದ ಮನ್ಯಾಗ ನಳಕ್ಕ ಹಳೇ ಸೀರಿ ತುಂಡು ಕಟ್ಟ್ಯಾರ. ಇನ್ನೊಂದ ಮನ್ಯಾಗ ಸೈಕಲ್ ಟ್ಯೂಬ್ ಸುತ್ಯಾರ. ಮೂರನೇ ಮನ್ಯಾಗ ನಳದ ಬುಡಕ ಒಂದ ಬಕೀಟ ಕಾಯಮ್ ಕುಂತೈತಿ. ನಾಲ್ಕನೇದು ಹೊಸಾ ಮನಿ, ಗೋಡಿ ತುಂಬ ಟೈಲ್ಸ್. ಅಲ್ಲಿ ನಳ ತಿರುವಿದ್ರ ಅದರ ಹಿಡಿಕಿ ನನ್ನ ಕೈಯಾಗ ಬಂತು. ಮನಿಯಾಕಿ ನಕ್ಕೋಂತ, "ಹಗೂರ್ಕ ತಿರುವ್ರಿ ವೈನಿ, ಅದಕ್ಕ ಒಂದ ಯುಕ್ತಿ ಐತಿ" ಅಂದ್ಲು.

ಯುಕ್ತಿ! ಕೆಟ್ಟ ನಳದ ಕೂಡ ಸಂಸಾರ ಮಾಡೂ ಯುಕ್ತಿ ಕಲಿಯಾಕ ನಮಗ ವರ್ಷಗಟ್ಟಲೆ ವ್ಯಾಳ್ಯಾ ಐತಿ, ಅದನ್ನ ನೆಟ್ಟಗ ಮಾಡಾಕ ಹತ್ತ ಮಿನಿಟ ಇಲ್ಲ. ಇದು ಬಡತನ ಅಲ್ಲ, ಪುರಸತ್ತಿಲ್ಲದ್ದೂ ಅಲ್ಲ. ಇದು ರೂಢಿ. ಈ ರೂಢಿ ಬಿಡಬೇಕು ಅಂತನ ನನ್ನ ವಾದ.

ನಾ ಹಿಂಗಂದ ಕೂಡ್ಲೆ ಎಲ್ಲಾ ಮನಿಯೊಳಗೂ ಮೂರ ಮಾತ ಕೇಳಿಬಂದ್ವು. ಒಂದೊಂದಕ್ಕೂ ಜವಾಬ ಕೊಡತೀನಿ.

ಮೊದಲನೇ ಮಾತು: "ಒಂದ ಹನಿ ಸೋರಿದ್ರ ಏನಾಕ್ಕೈತಿ ಬಿಡ್ರಿ." ಒಂದ ಹನಿ ಅಂತೀರಿ, ಅಳದ ನೋಡೀರೇನು? ನಾ ಅಳದೀನಿ. ನಮ್ಮ ಹಿತ್ತಲ ನಳ ದಾರದಂಗ ಸಣ್ಣಗ ಸುರೀತಿತ್ತು. ಬುಡಕ ಒಂದ ಲೀಟರಿನ ಬಾಟ್ಲಿ ಇಟ್ಟು ಗಡಿಯಾರ ನೋಡಿದೆ. ಇಪ್ಪತ್ತ ಮಿನಿಟಕ್ಕ ತುಂಬಿತು. ಅಂದ್ರ ತಾಸಿಗೆ 3 ಲೀಟರ್, ಹಗಲೂ ರಾತ್ರಿ ಕೂಡಿ 72 ಲೀಟರ್. ಈಗ ಇನ್ನೊಂದ ಲೆಕ್ಕ ಕೇಳ್ರಿ. 2019ರಾಗ ಸುರುವಾದ ಜಲ ಜೀವನ ಮಿಷನ್ನಿನಾಗ, ನಮ್ಮ ರಾಜ್ಯದಾಗ ಅದಕ್ಕ ಮನೆ ಮನೆಗೆ ಗಂಗೆ ಅಂತ ಹೆಸರು, ಹಳ್ಳ್ಯಾಗ ಒಬ್ಬ ಮನಷ್ಯಾಗ ದಿನಕ್ಕ 55 ಲೀಟರ್ ನೀರು ಅಂತ ಗೊತ್ತ ಮಾಡ್ಯಾರ. ಕುಡಿಯೂದು, ಜಳಕ, ಅರಿವಿ ಒಗಿಯೂದು ಎಲ್ಲಾ ಅದರಾಗ ಬಂತು. ನಮ್ಮ ಹಿತ್ತಲ ನಳ ಒಂದ ಇಡೀ ಆಳಿನ ನೀರ ಕುಡದು, ಮ್ಯಾಲ ಒಂದ ಕೊಡ ಹೆಚ್ಚಿಗಿ ಗಟಾರಕ್ಕ ಚೆಲ್ಲತಿತ್ತು. ಮನ್ಯಾಗ ಒಬ್ಬ ಬೀಗರು ಹೆಚ್ಚಿಗಿ ಬಂದ್ರ ನೀರಿನ ಲೆಕ್ಕ ಹಾಕೂ ನಾವು, ಈ ಬೀಗನ್ನ ವರ್ಷಾನಗಟ್ಟಲೆ ಸಾಕೇವಿ.

ಎರಡನೇ ಮಾತು: "ನೀರ ಬರೂದ ನಾಲ್ಕೈದ ದಿನಕ್ಕೊಮ್ಮೆ. ಇಂಥಾದ್ರಾಗ ನಳ ನೆಟ್ಟಗಿದ್ರೇನು, ಸೊಟ್ಟಗಿದ್ರೇನು?" ಅಕ್ಕಾ, ದಿನಾ ನೀರ ಬರೂ ಊರಾಗ ನಳ ಸೋರಿದ್ರ ನಡದೀತು. ನಮ್ಮಲ್ಲಿ ನಡಿಯೂದಿಲ್ಲ. ಟಾಕಿ ಒಮ್ಮೆ ತುಂಬಿದ್ರ ಅದರಾಗ ಐದ ದಿನಾ ಕಳೀಬೇಕು. ಸೋರೂ ನಳ ಇದ್ರ ಮೂರನೇ ದಿನಕ್ಕ ತಳ ಕಾಣತೈತಿ. ಆಮ್ಯಾಲ ಟ್ಯಾಂಕರಿಗೆ ಫೋನ್ ಹಚ್ಚೂದು, ಇಲ್ಲಂದ್ರ ಕೊಡ ಹಿಡಕೊಂಡು ನೆರಿಮನಿ ಬಾಗಲದಾಗ ನಿಲ್ಲೂದು. ಬ್ಯಾಸಗ್ಯಾಗ ಆ ಕೊಡ ಹೊರೂವರು ಯಾರು? ನಳ ರಿಪೇರಿ ಗಂಡಸರ ಕೆಲಸ ಅನ್ನೂ ಮನ್ಯಾಗೂ ಕೊಡ ಹೊರೂದು ನಮ್ಮ ಕೆಲಸನ ಐತಿ.

ನೀರ ದಿನಾ ಬರದಿದ್ರ ಇನ್ನೊಂದ ಅಪಾಯ ಐತಿ. ಇದನ್ನ ನಾ ಭಾಳ ತಡಾ ಮಾಡಿ ತಿಳಕೊಂಡೆ. ಪೈಪಿನ್ಯಾಗ ನೀರ ಜೋರ ಇದ್ದಾಗ ಒಡದ ಜಾಗಾದಿಂದ ನೀರ ಹೊರಗ ಬರತೈತಿ, ನಮ್ಮ ಕಣ್ಣಿಗೆ ಕಾಣತೈತಿ. ನೀರ ಬಿಡೂದು ನಿಂತ ಮ್ಯಾಲ ಪೈಪ್ ಖಾಲಿ ಆಗ್ತೈತಿ. ಆಗ ಅದ ಜಾಗಾದಿಂದ ಹೊರಗಿನ ರಾಡಿ ನೀರು ಪೈಪಿನ ಒಳಗ ಜಗ್ಗತೈತಿ. ಪೈಪ್ ಗಟಾರದ ಬಾಜೂಕ ಹೋಗಿದ್ರ ಗಟಾರದ ನೀರು ಒಳಗ ಹೋತು ಅಂತ ತಿಳೀರಿ. ಮುಂದಿನ ಪಾಳಿ ನೀರ ಬಂದಾಗ ಅದು ಸೀದಾ ನಿಮ್ಮ ಕೊಡಕ್ಕ ಬರತೈತಿ.

ನಮ್ಮ ಮನಿ ಪೈಪ್ ರಸ್ತಾದಿಂದ ಗಟಾರ ದಾಟೇ ಒಳಗ ಬಂದೈತಿ. ಅದರ ಜೋಡಣಿ ಹತ್ರ ಯಾವಾಗಲೂ ಹಸಿ, ಹಸರ ಪಾಚಿ. ನಾಲ್ಕ ತಿಂಗಳು ನಾ ದಿನಾ ಅಂಗಳಾ ಕಸಾ ಹೊಡಿಯೂ ಮುಂದ ಅದನ್ನ ನೋಡೇನಿ. "ಒಂದಿನ ಮಾಡ್ಸಬೇಕು" ಅಂದೇನಿ, ಕಸಬರಗಿ ತಗೊಂಡು ಮುಂದ ಹೋಗೇನಿ. ಮಳಿಗಾಲದಾಗ ಮೊಮ್ಮಗಗ ಕಾಮಣಿ ಆತು. ನಾಲ್ಕ ವರ್ಷದ ಕೂಸು, ಕಣ್ಣು ಅರಿಷಿಣ ಆಗಿ, ಅನ್ನ ಕಂಡ್ರ ವಾಂತಿ ಮಾಡಕೋತಿತ್ತು. ಡಾಕ್ಟರು ಮೊದಲ ಕೇಳಿದ ಪ್ರಶ್ನೆ, "ಕುಡಿಯಾಕ ಯಾವ ನೀರು ಕೊಡ್ತೀರಿ?" ಅಂತ. ನಾ ಅಲ್ಲೆ ನೆಲಾ ನೋಡಿದೆ. ಕೂಸು ಆರಾಮ ಆತು, ದೇವರ ದೊಡ್ಡಾಂವ. ಆ ಜೋಡಣಿಯಿಂದನ ಜಡ್ಡ ಬಂತು ಅಂತ ಯಾರೂ ಬರದ ಕೊಟ್ಟಿಲ್ಲ. ನನಗ ಬರದ ಕೊಡೂದ ಬೇಕಾಗಿರಲಿಲ್ಲ. ಮರುದಿನ ಪ್ಲಂಬರನ್ನ ಕರಸಿದೆ. ಅರ್ಧಾ ತಾಸಿನ ಕೆಲಸ. ಊರ ಕೊಳ್ಳಿ ಹೊಡದ ಮ್ಯಾಲ ದಿಡ್ಡಿ ಬಾಗಲಾ ಹಾಕಿದಂಗ ಆತು ನನ್ನದು.

2022ರಾಗ ರಾಯಚೂರಾಗ ನಳದ ಕೆಟ್ಟ ನೀರ ಕುಡದು ಮಂದಿ ಸತ್ರು. ಮುಂದಿನ ವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿಯೊಳಗೂ ಹಂಗ ಆತು. ಟಿವಿ ಮುಂದ ಕುಂತು ನಾವೆಲ್ಲಾ ಸರಕಾರಕ್ಕ ಬೈದೇವಿ. ಬೈಬೇಕು, ನೀರ ಬಿಡೂವರ ಜವಾಬ್ದಾರಿ ಸಣ್ಣದಲ್ಲ. ಆದ್ರ ನಮ್ಮ ಹೊಸ್ತಲ ಒಳಗಿನ ಪೈಪಿಗೆ ಯಾರಿಗೆ ಬೈಯೂದು? ಟಾಕಿ ಮುಚ್ಚಳಾ ಒಡದು ಅದರಾಗ ಪಾರಿವಾಳದ ಪುಚ್ಚ ತೇಲತಿದ್ರ ಯಾವ ಸಾಹೇಬ್ರು ಬಂದು ತಗೀಬೇಕು?

ಇಷ್ಟ ಹೇಳಿದ ಮ್ಯಾಲ ಒಂದ ಕಹಿ ಮಾತು. ನೀರ ಬಂದ ಕೂಡ್ಲೆ ಬೀದಿ ಪೈಪಿಗೇ ಮೋಟರ್ ಹಚ್ಚಿ ಜಗ್ಗೂ ಮನಿಗೋಳು ನಮ್ಮ ಓಣ್ಯಾಗೂ ಅದಾವ, ನಿಮ್ಮ ಓಣ್ಯಾಗೂ ಅದಾವ. ಅದು ತುದಿ ಮನಿಯವರ ಪಾಲಿನ ನೀರ ಕಸಗೊಳ್ಳೂದು, ಅದಂತೂ ಗೊತ್ತಿದ್ದದ್ದ. ಆದ್ರ ಮೋಟರ್ ಬರೇ ನೀರಷ್ಟ ಜಗ್ಗೂದಿಲ್ಲ, ಎಲ್ಲೆಲ್ಲಿ ಪೈಪ್ ಬಿರಕ ಬಿಟ್ಟೈತೋ ಅಲ್ಲಿಂದ ಗಟಾರಾನೂ ಜಗ್ಗತೈತಿ. ನೆರಿಯವರ ನೀರ ಕದ್ದು ಮನಿ ಮಕ್ಕಳಿಗೆ ಗಟಾರ ಕುಡಸೂದು ಯಾವ ಶಾಣ್ಯಾತನ? ಸಿಟ್ಟ ಬಂದ್ರ ಬರಲಿ, ನಾ ಹೇಳೂದ ಹೇಳೇನಿ.

ಮೂರನೇ ಮಾತು: "ಅದು ಗಂಡಸರ ಕೆಲಸ." ಇದಕ್ಕ ನನಗ ಎಲ್ಲಾಕಿಂತ ಹೆಚ್ಚ ನಗಿ ಬರತೈತಿ. ಗ್ಯಾಸಿನ ಸಿಲಿಂಡರ್ ಬದಲಸೂವರು ನಾವು. ಕುಕ್ಕರ್ ಸೀಟಿ ಹೊಡೀಲಿಲ್ಲಂದ್ರ ರಿಂಗ್ ತಂದ ಹಾಕೂವರು ನಾವು. ನಳದ ಒಳಗಿನ ವಾಯಸರ್ ಏನು? ಕುಕ್ಕರ್ ರಿಂಗಿನ ಸಣ್ಣ ತಮ್ಮ. ಅದೂ ರಬ್ಬರ್, ಇದೂ ರಬ್ಬರ್. ಅದು ಸವದ್ರ ಹಬಿ ಹೋಕ್ಕೈತಿ, ಇದು ಸವದ್ರ ನೀರ ಹೋಕ್ಕೈತಿ. ಮೊದಲ ಮ್ಯಾಲಿನ ಗೇಟ್ ವಾಲ್ ಬಂದ್ ಮಾಡ್ರಿ. ಪಾನಾದಿಂದ ನಳದ ತಲಿ ಬಿಚ್ಚಿ ಹಳೇ ವಾಯಸರ್ ತಗದು, ಅದನ್ನ ಅಂಗಡಿಗೆ ಒಯ್ದು ತೋರ್ಸಿ ಅಂಥಾದ್ದ ತಂದ ಹಾಕ್ರಿ. ಹತ್ತ ರೂಪಾಯಿ ಮಾತು. ಅರ್ಧಾ ತಿರುವೂ ಹೊಸ ನಮೂನಿ ನಳದಾಗ ವಾಯಸರ್ ಇರೂದಿಲ್ಲ, ಒಳಗಿನ ಸ್ಪಿಂಡಲ್ಲನ ಬದಲಸಬೇಕು. ಅದು ಸ್ವಲ್ಪ ತುಟ್ಟಿ, ಆದ್ರೂ ಹೊಸ ನಳಕ್ಕಿಂತ ಸೋವಿ. ನಳ ಗ್ವಾಡಿಗೆ ಕೂಡೂ ಜಾಗಾದಾಗ ಸೋರಿದ್ರ ಮರಿಗೆ ಬಿಳೇ ಟೇಪ್ ಸುತ್ತಬೇಕು, ಗಡಿಯಾರದ ಮುಳ್ಳ ತಿರುಗೂ ದಿಕ್ಕಿನ್ಯಾಗ. ತಿರಗಾಮುರಗಾ ಸುತ್ತಿದ್ರ ನಳ ಕೂಡ್ಸೂ ಮುಂದ ಬಿಚ್ಚಿ ಬರತೈತಿ. ನನ್ನ ಕಡಿಂದ ಮೊದಲ ಸಲ ಹಂಗ ಆಗೈತಿ. ಗ್ವಾಡಿ ಒಡಿಯೂ ಕೆಲಸ, ಮೋಟರ್ ಕೆಲಸ ಪ್ಲಂಬರನಿಗೆ ಬಿಡ್ರಿ. ಉಗುರಿಲೆ ಹೋಗೂದನ್ನ ಕೊಡ್ಲಿತನಕ ಬೆಳಸಬ್ಯಾಡ್ರಿ, ಅಷ್ಟ.

ನೀರ ತರೂದು ಒಂದ ಕೆಲಸ, ತಂದ ನೀರಿನ ದಾರಿ ಕಾಯೂದು ಇನ್ನೊಂದು. ನಮ್ಮ ಜಿಲ್ಲಾದಾಗ ಇದು ಹೊಸಾ ಮಾತಲ್ಲ. ವಿಜಯಪುರದಾಗ ಆದಿಲಶಾಹಿಯವರು 1651ರಾಗ ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವಿಯೊಳಗ ಊರಿಗೆ ನೀರ ತಂದ್ರು. ದಾರ್ಯಾಗ ಅಲ್ಲಲ್ಲಿ ಗಂಜ್ ಅನ್ನೂ ಕಲ್ಲಿನ ಗೋಪುರ ಕಟ್ಟಿಸಿದ್ರು, ಇನ್ನೂ ಒಂದಿಷ್ಟು ನಿಂತಾವ. ನೀರಿನ ಜೋರಿಗೆ ಕೊಳವಿ ಒಡೀಬಾರ್ದು, ರಾಡಿ ತಳಕ್ಕ ಕೂತು ತಿಳಿ ನೀರ ಮುಂದ ಹೋಗಬೇಕು ಅಂತ ಆ ಯೋಜನಾ. ಕೊಳವಿ ಕಟ್ಟತೈತಿ, ರಾಡಿ ಕೂಡತೈತಿ ಅನ್ನೂದನ್ನ ಅವರು ಕಟ್ಟೂ ಮೊದಲ ಲೆಕ್ಕಕ್ಕ ಹಿಡದಿದ್ರು. ನಾವು ಲಕ್ಷಗಟ್ಟಲೆ ಸುರದು ಮನಿ ಕಟ್ಟತೀವಿ, ಪೈಪ್ ಗ್ವಾಡ್ಯಾಗ ಎಲ್ಲಿ ಹೋಗೈತಿ ಅಂತ ಒಂದ ಫೋಟೋ ತಗದ ಇಡೂದಿಲ್ಲ. ಮುಂದ ಮಳಿ ಹೊಡಿಯಾಕ ಹೋಗಿ ಪೈಪಿಗೆ ತೂತ ಹಾಕತೀವಿ.

ಆಲಮಟ್ಟಿ ನೋಡ್ರಿ. ಮೊದಲ ಬಾಗೇವಾಡಿ ತಾಲೂಕಿನ್ಯಾಗ ಇತ್ತು, ಈಗ ನಿಡಗುಂದಿಗೆ ಸೇರೇತಿ. 1964ರಾಗ ಅಡಿಗಲ್ಲ ಇಟ್ಟದ್ದು, 123 ಟಿಎಂಸಿ ನೀರ ನಿಲ್ಲೂ ಆಣೆಕಟ್ಟು. ಅದಕ್ಕ ಎಷ್ಟೋ ಮಂದಿ ಹೊಲ, ಮನಿ, ಊರ ಗುಡಿ ಎಲ್ಲಾ ನೀರಿಗೆ ಬಿಟ್ಟು ಎದ್ದ ಬಂದ್ರು. ಅಂಥಾ ಕೃಷ್ಣಾ ನೀರು ನಮ್ಮ ಬಚ್ಚಲತನಕ ಬಂದು, ಹತ್ತ ರೂಪಾಯಿ ವಾಯಸರ್ ಇಲ್ಲಂತ ಗಟಾರಕ್ಕ ಹೋಗಬೇಕೇನು?

ಹಂಗಾರ ಏನ ಮಾಡೂದು? ನಾ ಮಾಡಕೊಂಡ ನೇಮ ಹೇಳತೀನಿ. ಅಮಾಸಿಗೆ ಹೆಂಗೂ ಮನಿ ಸಾರಸ್ತೀವಿ, ಪೂಜಿ ಮಾಡ್ತೀವಿ. ಅವತ್ತ ಎಲ್ಲಾ ನಳ ಒಂದೊಂದ ತಿರುವಿ ನೋಡೂದು. ಗೇಟ್ ವಾಲ್ ಒಮ್ಮೆ ಬಂದ್ ಮಾಡಿ ತಗಿಯೂದು, ಇಲ್ಲಂದ್ರ ಅದು ಬಿಗದ ಕೂಡತೈತಿ, ಪೈಪ್ ಒಡದ ದಿನಾ ತಿರುಗೂದಿಲ್ಲ. ಬೋರಿನ ಸವಳ ನೀರ ಇದ್ದ ಮನ್ಯಾಗ ನಳದ ಬಾಯಿ ಜಾಲಿಗೆ ಬಿಳೇ ಉಪ್ಪ ಕಟ್ಟತೈತಿ. ಜಾಲಿ ಬಿಚ್ಚಿ ಲಿಂಬಿ ರಸದಾಗ ರಾತ್ರಿ ನೆನೆ ಇಟ್ಟು ಮುಂಜಾನಿ ಹಳೇ ಬ್ರಶ್‌ಲೆ ತಿಕ್ಕಿದ್ರ ಆತು. ಇಂಡಿ ಲಿಂಬಿ ನಾಡಿಗೆಲ್ಲಾ ಹೋಕ್ಕೈತಿ, ನಮ್ಮ ನಳಕ್ಕ ಹಿಂಡಿದ ಸಿಪ್ಪಿ ಸಾಕು. ಆಸಿಡ್ ಮಾತ್ರ ಸುರೀಬ್ಯಾಡ್ರಿ, ಅದು ನಳದ ಮ್ಯಾಲಿನ ಹೊಳಪ ತಿಂದು ಒಳಗೂ ಕಚ್ಚತೈತಿ.

ಅವತ್ತ ರಾತ್ರಿ ಮಲಗೂ ಮುಂದ ಎಲ್ಲಾ ನಳ ಬಂದ್ ಮಾಡಿ, ಟಾಕ್ಯಾಗ ಒಂದ ಕೋಲ ಇಳಿಬಿಟ್ಟು ನೀರ ಎಲ್ಲಿತನಕ ಐತಿ ಗುರತ ಮಾಡ್ರಿ. ಮುಂಜಾನಿ ಇಳದಿದ್ರ ಎಲ್ಲೋ ಕಾಣದಂಗ ಸೋರತೈತಿ ಅಂತ ಅರ್ಥ.

ಟಾಕಿ ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ಖಾಲಿ ಮಾಡಿ ತೊಳೀರಿ. ಬ್ಲೀಚಿಂಗ್ ಪುಡಿ ನೀರಿಂದ ತಿಕ್ಕಿ, ಎರಡ ಸಲ ತೊಳದ ಚೆಲ್ಲಿ, ಆಮ್ಯಾಲ ತುಂಬ್ರಿ. ಬ್ಲೀಚಿಂಗ್ ಮತ್ತ ಆಸಿಡ್ ಎಂದೂ ಕೂಡಸಬ್ಯಾಡ್ರಿ, ಉಸರ ಕಟ್ಟೂ ಗಾಳಿ ಏಳತೈತಿ. ನೆಲದಾಗಿನ ಟಾಕಿಯೊಳಗ ಒಬ್ಬರ ಇಳೀಬ್ಯಾಡ್ರಿ, ಮೋಟರಿನ ಕರೆಂಟ್ ಬಂದ್ ಮಾಡದ ಕೈ ಹಾಕಬ್ಯಾಡ್ರಿ. ಹಂಡೆ, ಬ್ಯಾರಲ್ ವಾರಕ್ಕೊಮ್ಮೆ ತಿಕ್ಕಿ ಒಣಗಸ್ರಿ. ಡೆಂಗಿ ಸೊಳ್ಳಿ ರಾಡಿ ನೀರಾಗ ಅಲ್ಲ, ನಾವು ಕೂಡಿಟ್ಟ ತಿಳಿ ನೀರಾಗ ತತ್ತಿ ಇಡತೈತಿ. ನೀರ ಬಂದ ದಿನಾ ಮೊದಲಿನ ನಾಲ್ಕ ಬಕೀಟ ಅಂಗಳಕ್ಕ, ಗಿಡಕ್ಕ ಹಾಕ್ರಿ, ಕುಡಿಯೂ ನೀರ ಆಮ್ಯಾಲ ಹಿಡೀರಿ.

ಒಂದ ಪಾನಾ, ಒಂದ ಬಿಳೇ ಟೇಪ್, ನಾಲ್ಕ ವಾಯಸರ್. ಇಷ್ಟನ್ನ ಅಡಗಿ ಮನಿ ಕಪಾಟಿನ್ಯಾಗ, ಕುಕ್ಕರ್ ರಿಂಗಿನ ಬಾಜೂಕ ಇಡ್ರಿ. ಗಂಡಸರ ಸಾಮಾನಿನ ಡಬ್ಬ್ಯಾಗ ಇಡಬ್ಯಾಡ್ರಿ, ಬೇಕಾದಾಗ ಸಿಗೂದಿಲ್ಲ. ಸೊಸಿಗೂ ಕಲಸ್ರಿ, ಮಗನಿಗೂ ಕಲಸ್ರಿ.

ಬರೂ ಅಮಾಸಿಗೆ ನಿಮ್ಮ ನಳಕ್ಕ ಕಟ್ಟಿದ ಆ ಸೀರಿ ತುಂಡು ಬಿಚ್ಚ್ರಿ. ಅದನ್ನ ಒಲಿ ಒರಸಾಕ ಇಟ್ಟಕೊಳ್ರಿ. ನಾ ಮತ್ತ ನಿಮ್ಮ ಮನಿಗೆ ಬರಾಕಿನ. ಚಾ ಕುಡಿಯೂ ಮೊದಲ ಬಚ್ಚಲಕ್ಕ ಹೋಗ್ತೀನಿ, ನೆನಪಿರಲಿ.