ತೌಡು ಎಮ್ಮೆಗೆ, ಬಿಳುಪು ನಮಗೆ

ಗಿರಣಿಯಿಂದ ರಾಗಿ ಹಿಟ್ಟು ಮನೆಗೆ ಬಂದ ಕೂಡಲೇ ಏನಾಗುತ್ತದೆ? ಸಣ್ಣ ಕಣ್ಣಿನ ಜರಡಿ ಹೊರಗೆ ಬರುತ್ತದೆ. ಮುದ್ದೆ ನುಣ್ಣಗಿರಬೇಕು ಅಂತ ಜರಡಿ ಹಿಡಿದು, ಮೇಲುಳಿದ ತೌಡನ್ನು ಎಮ್ಮೆಯ ಕಲಗಚ್ಚಿಗೆ ಸುರಿಯುತ್ತೇವೆ. ನಮ್ಮ ಮನೆಗಳಲ್ಲೂ ಇದೇ ನಡೆದಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಮೂರು ದಿನಕ್ಕೊಮ್ಮೆ ಹೊಟ್ಟೆ ಕಟ್ಟಿತು ಅಂತ ಮೆಡಿಕಲ್ ಶಾಪಿಗೆ ಹೋಗಿ ಇಸಬಗೋಲು ಡಬ್ಬಿ ತರುತ್ತೇವೆ. ಆ ಡಬ್ಬಿಯಲ್ಲಿ ಇರುವುದೇನು? ಒಂದು ಗಿಡದ ಬೀಜದ ಹೊಟ್ಟು! ಮನೆಯ ತೌಡು ಎಸೆದು ಅಂಗಡಿಯ ಹೊಟ್ಟು ಕೊಳ್ಳುವ ಈ ವ್ಯಾಪಾರಕ್ಕೆ ಏನನ್ನಬೇಕು?

ನಾರು ನಮಗೆ ಜೀರ್ಣವಾಗುವುದಿಲ್ಲ. ಹಾಗಾಗಿಯೇ ಅದು ದಂಡ ಅಂದುಕೊಂಡಿದ್ದೇವೆ. ಆದರೆ ಸಣ್ಣ ಕರುಳು ದಾಟಿ ದೊಡ್ಡ ಕರುಳಿಗೆ ಹೋದ ಮೇಲೆ ಅದನ್ನು ಕಾಯುತ್ತಾ ಕೂತ ಕೋಟಿ ಕೋಟಿ ಬ್ಯಾಕ್ಟೀರಿಯಾಗಳಿವೆ. ದೋಸೆ ಹಿಟ್ಟು ಹುದುಗುವ ಹಾಗೆ ಅವು ನಾರನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರವೇ ಈ ಬ್ಯುಟಿರೇಟ್. ಅಂದರೆ ತೌಡು ತಿನ್ನುವುದು ನಾವಲ್ಲ, ನಮ್ಮೊಳಗಿನ ದನಗಳು. ಕೊಟ್ಟಿಗೆಯ ಎಮ್ಮೆಗೆ ಹಾಕುತ್ತೇವೆ, ಇವಕ್ಕೆ ಉಪವಾಸ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿ ನೋಡಿ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಜೋಳದಲ್ಲಿ 10. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮೈದಾ ಕಥೆಯೂ ಅಷ್ಟೇ.

ಇದರಿಂದ ನಿಜಕ್ಕೂ ವ್ಯತ್ಯಾಸ ಆಗುತ್ತದಾ ಅಂತ ಕೇಳುವವರಿಗೆ: ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ತಂಡ 81 ಆರೋಗ್ಯವಂತ ವಯಸ್ಕರ ಮೇಲೆ ಪ್ರಯೋಗ ನಡೆಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಮೊದಲ 2 ವಾರ ಎಲ್ಲರಿಗೂ ತೌಡು ತೆಗೆದ ಧಾನ್ಯದ ಊಟ. ಮುಂದಿನ 6 ವಾರ ಕೆಲವರಿಗೆ ಇಡೀ ಧಾನ್ಯ, ಉಳಿದವರಿಗೆ ಅದೇ ಹಳೇ ಊಟ. ಇಡೀ ಧಾನ್ಯ ತಿಂದವರಲ್ಲಿ ಮಲವಿಸರ್ಜನೆ ಸರಾಗವಾಯಿತು, ಒಳ್ಳೆಯ ಆಮ್ಲ ಮಾಡುವ ಒಂದು ಬಗೆಯ ಬ್ಯಾಕ್ಟೀರಿಯಾ ಹೆಚ್ಚಿತು, ಉರಿಯೂತಕ್ಕೆ ಕಾರಣವಾಗಬಲ್ಲ ಒಂದು ಗುಂಪು ಕಡಿಮೆಯಾಯಿತು. ಬದಲಾವಣೆ ದೊಡ್ಡದೇನಲ್ಲ, ಸಣ್ಣದು ಅಂತ ಅವರೇ ಹೇಳಿದ್ದಾರೆ. ಅದು ಅವರ ಊಟ, ನಮ್ಮ ಮುದ್ದೆ-ರೊಟ್ಟಿ ಅಲ್ಲ ಅನ್ನುವುದೂ ನೆನಪಿರಲಿ.

ಅದಕ್ಕೇ ಸಿರಿಧಾನ್ಯ ತಿಂದರೆ ಕ್ಯಾನ್ಸರ್ ಓಡಿಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಕಳಿಸುವವರ ಮೇಲೂ ನಮಗೆ ಸಿಟ್ಟಿದೆ. ಇವರ ಮಾತು ನಂಬಿ ದುಬಾರಿ ಪ್ಯಾಕೆಟ್ ತಂದರೆ ಒಳಗಿರುವ ನವಣೆ, ಸಾಮೆ ಮಲ್ಲಿಗೆಯ ಹಾಗೆ ಬೆಳ್ಳಗಿರುತ್ತದೆ. ಪಾಲಿಶ್! ತೌಡಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಬೇಗ ಮುಗ್ಗು ವಾಸನೆ ಬರುತ್ತದೆ, ಅಂಗಡಿಯಲ್ಲಿ ಬಹಳ ದಿನ ಉಳಿಯಲಿ ಅಂತ ಅದನ್ನು ತೆಗೆಯುತ್ತಾರೆ. ಲಾಭ ಅವರದು, ಹೆಸರು ಮಾತ್ರ ಸಿರಿಧಾನ್ಯದ್ದು.

ರೇಷನ್ ಅಕ್ಕಿ ಬೇಡ ಅನ್ನುವವರು ನಾವಲ್ಲ. 2013ರಲ್ಲಿ ಅನ್ನಭಾಗ್ಯ ಬರುವ ಮೊದಲು ತಿಂಗಳ ಕೊನೆಗೆ ಒಲೆ ಹೇಗೆ ಉರಿಯುತ್ತಿತ್ತು ಅಂತ ನೋಡದವರು ಮಾತ್ರ ಹಾಗೆ ಮಾತಾಡಬಲ್ಲರು. ನಮ್ಮ ತಕರಾರು ಬೇರೆ. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದಲ್ಲಿ ಜೋಳ ಬೆಂಬಲ ಬೆಲೆಗೆ ಕೊಂಡು ರೇಷನ್‌ನಲ್ಲಿ ಕೊಡುವ ದಾರಿ ಇದ್ದೇ ಇದೆ. ಅದು ಯಾಕೆ ಯಾವಾಗಲೂ ಅಕ್ಕಿಯ ಚೀಲದ ಹಿಂದೆ ನಿಲ್ಲಬೇಕು? ಹಾಸ್ಟೆಲ್ ಹುಡುಗರ ತಟ್ಟೆಗೆ ರೊಟ್ಟಿ, ಮುದ್ದೆ ದಿನವೂ ಯಾಕೆ ಬೀಳಬಾರದು? ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ನಾವೂ ಬರೆಯುತ್ತೇವೆ.

ಮನೆಯ ಕೆಲಸಕ್ಕೆ ಸಭೆ ಬೇಕಿಲ್ಲ. ಒಂದೇ ದಿನಕ್ಕೆ ಪೂರ್ತಿ ಬದಲಾಯಿಸಿದರೆ ಹೊಟ್ಟೆ ಉಬ್ಬರಿಸಿ ಗ್ಯಾಸ್ ಆಗುತ್ತದೆ, ಆಗ ನಮ್ಮನ್ನು ಬಯ್ಯಬೇಡಿ. ಮೊದಲು ವಾರಕ್ಕೆ ಎರಡು ದಿನ ಜರಡಿಯನ್ನು ಗೂಟಕ್ಕೆ ನೇತುಹಾಕಿ, ನೀರು ಜಾಸ್ತಿ ಕುಡಿಯಿರಿ. ಕರುಳಿನ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿ. ಎಮ್ಮೆಗೆ ಬೇರೆ ತೌಡು ತಂದರಾಯಿತು.