ಮನೆ ಮುಂದಿನ ಕರಿಬೇವಿಗೆ ಹೊಲದ ವಿಷ ಯಾಕೆ?

ಇವತ್ತು ಹೊಲದ ವಿಚಾರ ಅಲ್ಲ, ಮನೆ ಬಾಗಿಲ ವಿಚಾರ. ಸ್ವಲ್ಪ ಖಾರವಾಗೇ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಟೊಮೆಟೊಗೆ ಔಷಧಿ ಹೊಡೆದು ಬರ್ತೀವಿ. ಪಂಪಿನ ತಳದಲ್ಲಿ ಒಂದು ಲೀಟರ್ ಉಳಿದಿರುತ್ತೆ. ದುಡ್ಡು ಕೊಟ್ಟು ತಂದದ್ದು, ಚೆಲ್ಲೋಕೆ ಮನಸ್ಸು ಬರಲ್ಲ. ಬಾಗಿಲ ಪಕ್ಕದ ಕರಿಬೇವಿಗೆ, ದಾಸವಾಳಕ್ಕೆ, ತುಳಸಿಗೆ ಹೊಡೆದು ಮುಗಿಸ್ತೀವಿ. ನಾನೂ ಎಷ್ಟೋ ವರ್ಷ ಹಿಂಗೇ ಮಾಡಿದೋನು. ಮಾರನೇ ದಿನ ಅದೇ ಕರಿಬೇವು ಒಗ್ಗರಣೆಗೆ, ಅದೇ ತುಳಸಿ ತೀರ್ಥಕ್ಕೆ.

"ತೊಳೆದು ಹಾಕ್ತೀವಲ್ಲ" ಅಂತೀರಿ. ಮೊನೊಕ್ರೋಟೋಫಾಸ್, ಇಮಿಡಾಕ್ಲೋಪ್ರಿಡ್ ಥರದವು ಎಲೆ ಮೇಲಷ್ಟೇ ಕೂರಲ್ಲ, ಗಿಡದ ರಸದೊಳಗೆ ಸೇರ್ತವೆ. ಒಳಗೆ ಹೋದದ್ದನ್ನ ನಲ್ಲಿ ನೀರು ತೊಳೆಯುತ್ತಾ? ಮೊನೊಕ್ರೋಟೋಫಾಸನ್ನ ತರಕಾರಿಗೆ ಹೊಡೀಬಾರದು ಅಂತ ಸರ್ಕಾರ 2005ರಲ್ಲೇ ನಿಷೇಧ ಮಾಡಿದೆ. ಹೊಲದಲ್ಲಾದ್ರೆ ಹೊಡೆದ ಮೇಲೆ ಇಷ್ಟು ದಿನ ಬಿಟ್ಟು ಕೀಳಬೇಕು ಅಂತ ಲೆಕ್ಕ ಇದೆ. ಕರಿಬೇವಿಗೆ ಯಾವ ಮನೇಲಿ ದಿನ ಎಣಿಸ್ತಾರೆ?

"ಬೇವು, ಸೋಪು ಎಲ್ಲ ಕೆಲಸ ಮಾಡಲ್ಲ" ಅನ್ನೋರಿಗೆ ಒಂದು ಮಾತು. ಮಧ್ಯಾಹ್ನದ ಬಿಸಿಲಲ್ಲಿ, ಎಲೆ ಮೇಲ್ಭಾಗಕ್ಕೆ, ಒಂದೇ ಸಲ ಹೊಡೆದ್ರೆ ಹೇಗೆ ಕೆಲಸ ಮಾಡುತ್ತೆ? ಹುಳ ಇರೋದು ಎಲೆ ಕೆಳಗೆ.

ಮೊದಲು ಇರುವೆ ಸಾಲು ನೋಡಿ. ಹಿಟ್ಟು ತಿಗಣೆ, ಹೇನು ಬಿಡೋ ಸಿಹಿ ಅಂಟಿಗೋಸ್ಕರ ಇರುವೆ ಅವನ್ನ ಕಾಯ್ತವೆ, ಗುಲಗಂಜಿ ಹುಳವನ್ನ ಹತ್ರ ಸೇರಿಸಲ್ಲ. ಕುಂಡ ಆದ್ರೆ ನೀರಿನ ತಟ್ಟೇಲಿ ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿ. ಸೊಳ್ಳೆ ಆಗದಂಗೆ ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಬಿಳಿ ಮೆತ್ತಿಕೊಂಡ ತುದಿ ಕತ್ತರಿಸಿ ಸೋಪಿನ ನೀರಿಗೆ ಹಾಕಿ. ಪೈಪಲ್ಲಿ ಜೋರಾಗಿ ನೀರು ಬಿಟ್ರೆ ಅರ್ಧ ಹುಳ ಅಲ್ಲೇ ಉದುರುತ್ತೆ.

ಕರಿಬೇವಿಗೆ ಲೀಟರಿಗೆ 5 ಗ್ರಾಂ ಬಾರ್ ಸೋಪು ಸಾಕು. ಡಿಟರ್ಜೆಂಟ್ ಪುಡಿ ಬೇಡ, ಎಲೆ ಸುಡುತ್ತೆ. ದಾಸವಾಳಕ್ಕೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಸೇರಿಸಿ ಸಂಜೆ ಹೊಡೀರಿ. ವಾರಕ್ಕೊಂದು ಸಲದಂತೆ ಮೂರು ಸಲ. ಬೇವಿಲ್ಲದಿದ್ರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇದೆ. ಗಿಡಕ್ಕೆ ಯೂರಿಯಾ ಸುರೀಬೇಡಿ, ಎಳೆ ಚಿಗುರಿಗೇ ಹೇನು ಬರೋದು.

ಹೊಗೆಸೊಪ್ಪಿನ ಕಷಾಯ ಮಾತ್ರ ಬೇಡ. ಮನೇಲಿ ಮಾಡಿದ್ರೂ ಅದು ವಿಷವೇ.

ಇನ್ನೊಂದು. ಹಿಟ್ಟು ತಿಗಣೆ ಮಧ್ಯೆ ಅದರಂಗೇ ಬೆಳ್ಳಗೆ, ಅದಕ್ಕಿಂತ ದಪ್ಪಗೆ, ಬೇಗ ಬೇಗ ಓಡಾಡೋ ಹುಳ ಕಂಡ್ರೆ ಸಾಯಿಸಬೇಡಿ. ಅದು ಗುಲಗಂಜಿ ಹುಳದ ಮರಿ, ತಿಗಣೆ ತಿನ್ನೋಕೇ ಬಂದಿರೋದು. ಪಪ್ಪಾಯಿ ಹಿಟ್ಟು ತಿಗಣೆ ಕಾಟ ನೆನಪಿದೆಯಾ? ಹಿಪ್ಪುನೇರಳೆಗೂ ಹತ್ತಿತ್ತು. ಔಷಧಿ ಹೊಡೆದೂ ಹೊಡೆದೂ ಸಾಕಾಗಿತ್ತು. 2010ರಲ್ಲಿ ಹೊರದೇಶದಿಂದ ತಂದು ಬಿಟ್ಟ ಸಣ್ಣ ಕಣಜ ಅದನ್ನ ಹತೋಟಿಗೆ ತಂತು.

ಪಂಪಲ್ಲಿ ಉಳಿದದ್ದು ಏನು ಮಾಡೋದು ಅಂತೀರಾ? ಉಳಿಯದಂಗೆ ಅಳತೆ ಮಾಡಿ ಕಲಸಿ. ಉಳಿದ್ರೆ ನೀರು ಬೆರೆಸಿ ಅದೇ ಹೊಲಕ್ಕೆ ಹೊಡೆದು ಬನ್ನಿ. ಮನೆಗೆ ಪಂಪು ಖಾಲಿಯಾಗೇ ಬರಲಿ.